ಪಾತ್ರೆಗೆ ಇಟ್ಟ ಹೆಸರು

ಆಟಿಸಂ ಇರುವವರು ಮಾತನ್ನು ಅಕ್ಷರಶಃ ಹಿಡಿಯುತ್ತಾರೆ, ರೂಪಕ ಅವರಿಗೆ ಒಗ್ಗುವುದಿಲ್ಲ ಎಂಬ ನಂಬಿಕೆ ಓದಿಕೊಂಡವರಲ್ಲೂ ಇದೆ. ಆದರೆ 1943ರಲ್ಲಿ 11 ಮಕ್ಕಳನ್ನು ಕುರಿತು ಬರೆದು ಆಟಿಸಂ ಅನ್ನು ವೈದ್ಯಲೋಕದ ಮುಂದಿಟ್ಟ ಲಿಯೋ ಕ್ಯಾನರ್ ಅವರೇ 1946ರಲ್ಲಿ ಇಂಥ ಮಕ್ಕಳ ‘ಅಸಂಬದ್ಧ’ ಮಾತುಗಳ ಬಗ್ಗೆ ಇನ್ನೊಂದು ಲೇಖನ ಬರೆದರು. ಅದರ ತಲೆಬರಹದಲ್ಲೇ ‘ರೂಪಕಾತ್ಮಕ’ ಎಂಬ ಪದವಿದೆ. ಅಲ್ಲಿ ಬರುವ ಒಬ್ಬ ಹುಡುಗ ಅಡುಗೆ ಪಾತ್ರೆ ಕಂಡಾಗಲೆಲ್ಲ ಶಿಶುಗೀತೆಯೊಂದರ ಎರಡು ಪದ ಹೇಳುತ್ತಿದ್ದ. ಹಿಂದೊಮ್ಮೆ ತಾಯಿ ಆ ಗೀತೆ ಹೇಳುತ್ತಿದ್ದಾಗ ಕೈಯಿಂದ ಪಾತ್ರೆ ಜಾರಿ ಬಿದ್ದಿತ್ತು.

ನಮ್ಮ ಕಾವ್ಯಮೀಮಾಂಸೆ ಇದನ್ನು ಲಕ್ಷಣೆ ಎನ್ನುತ್ತದೆ. ‘ಗಂಗೆಯಲ್ಲಿ ಹಟ್ಟಿ’ ಎಂದರೆ ಗಂಗೆಯ ದಡದಲ್ಲಿ ಎಂದು ಎಲ್ಲರೂ ಅರ್ಥಮಾಡಿಕೊಳ್ಳುತ್ತಾರೆ. ನದಿಗೂ ದಡಕ್ಕೂ ಇರುವ ಸಂಬಂಧ ಎಲ್ಲರಿಗೂ ಗೊತ್ತು. ಈ ಹುಡುಗ ಕಂಡ ಸಂಬಂಧ ಅವನ ಮನೆಯವರಿಗಷ್ಟೇ ಗೊತ್ತಿತ್ತು. ಹೊರಗಿನವರಿಗೆ ತಿಳಿಯದ ಇಂಥ ಒಂದೆರಡು ಪದ ಯಾರ ಮನೆಯಲ್ಲಿಲ್ಲ?

ಆದರೆ ಇಷ್ಟಕ್ಕೇ ಅದು ಕಾವ್ಯವಾಗುವುದಿಲ್ಲ. ಕವಿ ಆ ಸಂಬಂಧವನ್ನು ಓದುಗರಿಗೂ ಕಟ್ಟಿಕೊಡಬೇಕು. ಬಾಲ್ಯವನ್ನು ಮೈಸೂರು, ಬೆಂಗಳೂರುಗಳಲ್ಲಿ ಕಳೆದ, ಬಾಯಿಮಾತು ತೀರ ಕಡಿಮೆಯಿರುವ ಟಿಟೊ ರಾಜರ್ಷಿ ಮುಖೋಪಾಧ್ಯಾಯ ಇಂಗ್ಲಿಷಿನಲ್ಲಿ ಈ ಕೆಲಸ ಮಾಡಿದ್ದಾರೆ. ಅವರ ‘ದಿ ಮೈಂಡ್ ಟ್ರೀ’ಯಲ್ಲಿ (2003) ಕಣ್ಣು, ಬಾಯಿ ಇಲ್ಲದೆಯೂ ಯೋಚಿಸಬಲ್ಲ ಮರವೊಂದು ತನ್ನ ಕಥೆ ಹೇಳುತ್ತದೆ. ಈ ರೂಪಕ ತಿಳಿಯಲು ಯಾರ ಮನೆಯ ಗುಟ್ಟೂ ಬೇಕಿಲ್ಲ. ತನ್ನದೇ ಬದುಕಿನ ಕಥನದಲ್ಲಿ ಅವರು ತನ್ನನ್ನು ‘ಆ ಹುಡುಗ’ ಎಂದು ಕರೆಯುತ್ತಾರೆ. ವೈದ್ಯರು ಇದನ್ನು ಸರ್ವನಾಮದ ಗೊಂದಲ ಎನ್ನಬಹುದು. ನನಗೆ ಇದು ನೋವನ್ನು ತುಸು ದೂರವಿಟ್ಟು ನೋಡುವ ನಿರೂಪಣೆಯಾಗಿ ಕಾಣುತ್ತದೆ.

ಆದರೆ ಪುಸ್ತಕದ ಅಮೆರಿಕದ ಆವೃತ್ತಿ ಉಪಶೀರ್ಷಿಕೆಯಲ್ಲೇ ಅವರನ್ನು ‘ಪವಾಡದ ಮಗು’ ಮಾಡಿಬಿಟ್ಟಿತು. ನನ್ನ ತಕರಾರು ಇರುವುದು ಇಲ್ಲಿ. ಪವಾಡ ಎಂದ ಮೇಲೆ ಯಾರೂ ಪ್ರಶ್ನೆ ಕೇಳುವುದಿಲ್ಲ. ತಾಯಿ ಸೋಮಾ ರೂಪಿಸಿದ ಬೋಧನಾಕ್ರಮವನ್ನು ಬಳಸಬೇಡಿ ಎಂದು ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘ 2018ರಲ್ಲಿ ಎಚ್ಚರಿಸಿತು. ಹಾಗೆ ಮೂಡುವ ಬರಹ ಯಾರದು ಎಂಬ ಪ್ರಶ್ನೆಯನ್ನೂ ಎತ್ತಿತು. ‘ಪವಾಡ’ ಈ ಚರ್ಚೆಯನ್ನೂ ಮುಚ್ಚಿಹಾಕುತ್ತದೆ, ಈ ಸಾಲು ಗಟ್ಟಿ, ಆ ಸಾಲು ಸಡಿಲ ಎನ್ನುವ ಸಾಮಾನ್ಯ ಓದನ್ನೂ ತಪ್ಪಿಸುತ್ತದೆ. ಬೇರೆ ಕವಿಗಳಿಗೆ ನಾವು ಮುಲಾಜಿಲ್ಲದೆ ಕೊಡುವ ಈ ಓದು ಆಟಿಸಂ ಇರುವ ಕವಿಗೂ ಸಲ್ಲಬೇಕು. ಚಪ್ಪಾಳೆ ತಟ್ಟಿ ಪುಸ್ತಕ ಮುಚ್ಚಿಡುವವರನ್ನು ಸಹೃದಯರು ಎನ್ನಲಾಗದು.