ಡೇರೆಯ ಹೊರಗಿನ ಪ್ರೇಕ್ಷಕ: ಸ್ಯೂರಾನ ‘ಸರ್ಕಸ್ ಪರೇಡ್’

ನವ ಇಂಪ್ರೆಷನಿಸ್ಟ್ ಪಂಥದ ಪ್ರವರ್ತಕ ಜಾರ್ಜ್ ಸ್ಯೂರಾ 1887-88ರಲ್ಲಿ ರಚಿಸಿದ ‘ಸರ್ಕಸ್ ಪರೇಡ್’ ತೈಲಚಿತ್ರವು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಇದನ್ನು ಕುರಿತ ಚರ್ಚೆ ಬಹುಕಾಲ ವರ್ಣಬಿಂದುಗಳ ವಿನ್ಯಾಸ ಹಾಗೂ ರೇಖೆಗಳ ಲೆಕ್ಕಾಚಾರದ ಸುತ್ತಲೇ ನಡೆಯಿತು. ಜಾನಪದ ಅಧ್ಯಯನದ ದೃಷ್ಟಿಯಿಂದ ಹೆಚ್ಚು ಮುಖ್ಯರಾದವರು ಚಿತ್ರದ ಕೆಳ ಅಂಚಿನಲ್ಲಿ ನಿಂತ ಪ್ರೇಕ್ಷಕರು.

ಪರೇಡ್ ಎಂದರೆ ಇಲ್ಲಿ ಮೆರವಣಿಗೆಯಲ್ಲ. ಜನರನ್ನು ಟಿಕೆಟ್ಟಿನತ್ತ ಸೆಳೆಯಲು ಡೇರೆಯ ಹೊರಗಿನ ಅಟ್ಟಣೆಯ ಮೇಲೆ ನಡೆಯುತ್ತಿದ್ದ ಉಚಿತ ಪ್ರದರ್ಶನ. ಪ್ಯಾರಿಸ್ಸಿನ ಪೂರ್ವಭಾಗದಲ್ಲಿ ಈಸ್ಟರ್ ಸಮಯಕ್ಕೆ ಸೇರುತ್ತಿದ್ದ ಮಸಾಲೆರೊಟ್ಟಿಯ ಜಾತ್ರೆಯಲ್ಲಿ ಕೊರ್ವಿ ಸರ್ಕಸ್ಸು ನಡೆಸಿದ ಪರೇಡ್ ಈ ಚಿತ್ರಕ್ಕೆ ಆಧಾರ. ಗ್ಯಾಸ್ ದೀಪಗಳ ಸಾಲಿನ ಕೆಳಗೆ, ನಡುವೆ ಚೂಪುಟೋಪಿಯ ಟ್ರೊಂಬೋನ್ ವಾದಕ. ಬಲಕ್ಕೆ ಬೆತ್ತವನ್ನು ಕಂಕುಳಲ್ಲಿ ಇರುಕಿಕೊಂಡ ಯಜಮಾನ. ಅವನ ಆಚೆ ಟಿಕೆಟ್ ಕಿಂಡಿಗೆ ಏರುವ ಮೆಟ್ಟಿಲು. ಕೆಳಗಿನ ಜನ ಇನ್ನೂ ಹಣ ಕೊಟ್ಟಿಲ್ಲ. ಒಳಗೆ ಹೋಗಬಹುದು, ಮುಂದಿನ ಡೇರೆಗೂ ನಡೆಯಬಹುದು. ಈ ಅನಿಶ್ಚಿತ ಗಳಿಗೆಯೇ ಚಿತ್ರದ ನಿಜವಾದ ವಸ್ತು. ವಿಮರ್ಶಕರು ನಿಗೂಢತೆ, ವಿಷಾದ ಎಂದು ಕರೆದಿರುವ ಸ್ತಬ್ಧತೆಗೆ ಈ ಕಾಯುವಿಕೆಯಲ್ಲಿಯೇ ಕಾರಣ ದೊರೆಯುತ್ತದೆ.

ಪ್ರೇಕ್ಷಕರ ಮುಖಗಳು ಬಹುಮಟ್ಟಿಗೆ ಕಾಣುವುದಿಲ್ಲ, ಕಾಣುವುದು ಟೋಪಿಗಳು. ಗಂಡಸರ ಗುಂಡುಟೋಪಿ, ಹೆಂಗಸರ ಅಲಂಕೃತ ಟೋಪಿಗಳಿಂದಲೇ ಊಹಿಸಬೇಕಾದ ಸಮುದಾಯವಿದು. ಇದರ ಮಗ್ಗುಲಿಗೆ, 1891ರಲ್ಲಿ ಸ್ಯೂರಾ ತೀರಿಕೊಂಡಾಗ ಅಪೂರ್ಣವಾಗಿ ಉಳಿದ ‘ಸರ್ಕಸ್’ ಚಿತ್ರವನ್ನು ಇರಿಸಿ ನೋಡಬೇಕು. ಅಲ್ಲಿ ಸರ್ಕಸ್ಸಿನ ಒಳಗಿನ ಪ್ರೇಕ್ಷಕರು ನಮ್ಮತ್ತ ಮುಖ ಮಾಡಿದ್ದಾರೆ. ಮುಂದಿನ ಆಸನಗಳಲ್ಲಿ ಉಳ್ಳವರು, ಮೇಲಿನ ಅಟ್ಟದಲ್ಲಿ ಬಡವರು. ದುಡ್ಡು ಕೊಟ್ಟೊಡನೆ ಗುಂಪು ಶ್ರೇಣಿಯಾಗುತ್ತದೆ. ಹೊರಗೆ ಎಲ್ಲರೂ ಒಂದೇ ನೆಲದ ಮೇಲೆ ನಿಂತಿದ್ದರು.

ಆದರೂ ಈ ಕೃತಿಯನ್ನು ಪರೇಡ್‌ನ ಪೂರ್ಣ ದಾಖಲೆಯೆಂದು ಒಪ್ಪಲಾಗದು. ಆ ಕಲೆಯ ಜೀವಾಳ ಕೂಗಿ ಕರೆಯುವವನ ಮಾತುಗಾರಿಕೆ. ಇದೇ ವಸ್ತುವನ್ನು ಹಿಂದೆ ಜಲವರ್ಣದಲ್ಲಿ ಚಿತ್ರಿಸಿದ್ದ ದೋಮಿಯೆಯಲ್ಲಿ ಕೂಗುವ ಬಾಯಿ, ಚಾಚಿದ ಕೈ, ಡೋಲಿನ ಸದ್ದು ಎಲ್ಲವೂ ಇವೆ. ಸ್ಯೂರಾನ ಯಜಮಾನ ಬಾಯಿ ತೆರೆಯುವುದಿಲ್ಲ. ವಾದ್ಯಗಳಿದ್ದೂ ನಾದ ಕೇಳಿಸುವುದಿಲ್ಲ. ಮೌಖಿಕ ಪರಂಪರೆಯನ್ನು ಅರಸಿ ಬರುವ ಸಂಶೋಧಕನಿಗೆ ಇದು ಸಣ್ಣ ನಷ್ಟವಲ್ಲ. ಅವನಿಗೆ ಇಲ್ಲಿ ದಕ್ಕುವುದು ಮಾತಲ್ಲ, ಮಾತನ್ನು ಕೇಳುತ್ತಾ ನಿಂತವರ ಬೆನ್ನು.