ಪೇಟಿ ಮಾಸ್ತರರೂ ಪ್ಯಾರಿಸ್ಸಿನ ಎಲೆಗಳೂ

ಫ್ರೆಂಚ್ ಹಾಡುಗಳನ್ನು ಮಾತಿಲ್ಲದೆ, ವಾದ್ಯಗಳಲ್ಲಷ್ಟೇ ನುಡಿಸುವ ಹಗುರ ಜಾಝ್ ಕಿವಿಗೆ ಹಾಸಿಗೆ ಹಾಸುವ ಸಂಗೀತವಲ್ಲವೆಂಬುದು ಈ ಅಂಕಣದ ಹಳೆಯ ಹಟ. ಈ ವಾರದ ಸರದಿ ಎದೀತ್ ಪಿಯಾಫ್ ಹಾಡಿದ ‘ಲಾ ವಿ ಆನ್ ರೋಸ್’ನದಾಗಿತ್ತಾದರೂ, ‘ಆಟಮ್ ಲೀವ್ಸ್’ ಎಂಬ ಹಾಡಿನ ಲೆಕ್ಕ ಚುಕ್ತಾ ಆಗದೆ ಅತ್ತ ಹೊರಳುವಂತಿಲ್ಲ.

ಹಂಗೇರಿಯಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲೆಸಿದ ಜೋಸೆಫ್ ಕೋಸ್ಮಾ ಸ್ವರ ಸಂಯೋಜಿಸಿ, ಕವಿ ಝಾಕ್ ಪ್ರೆವೆರ್ ಪದ ಕಟ್ಟಿದ ಈ ಹಾಡು 1946ರ ಫ್ರೆಂಚ್ ಚಲನಚಿತ್ರವೊಂದರ ಮೂಲಕ ಹೊರಬಂದು, ಜಾನಿ ಮರ್ಸರ್ ಇಂಗ್ಲಿಷ್ ಪದಗಳನ್ನು ಬರೆದ ಮೇಲೆ ಅಮೆರಿಕದಲ್ಲಿ ಮನೆಮಾತಾಯಿತು. ಇದರ ಪಲ್ಲವಿಯನ್ನು ಪೇಟಿಯ, ಅಂದರೆ ಹಾರ್ಮೋನಿಯಂನ, ಮೇಲೆ ಹುಡುಕಿದರೆ ಗುಟ್ಟು ಬೆರಳಿಗೇ ಸಿಗುತ್ತದೆ. ಗಾಂಧಾರ, ಧೈವತ, ನಿಷಾದಗಳನ್ನು ಕೋಮಲವಾಗಿಟ್ಟುಕೊಂಡು ‘ಸ ರಿ ಗ’ ಎಂದು ಮೂರು ಮೆಟ್ಟಿಲು ಹತ್ತಿ ಧೈವತದ ಮೇಲೆ ನಿಂತುಬಿಡುವುದು, ಬಳಿಕ ಒಂದು ಮೆಟ್ಟಿಲು ಕೆಳಗಿಂದ ‘ನಿ ಸ ರಿ’ ಎಂದು ಹತ್ತಿ ಪಂಚಮದ ಮೇಲೆ, ಮತ್ತೆ ‘ಧ ನಿ ಸ’ ಎಂದು ಹತ್ತಿ ಮಧ್ಯಮದ ಮೇಲೆ ನಿಲ್ಲುವುದು. ಪ್ರತಿ ಸಾಲೂ ಏರುತ್ತದೆ, ಹಾಡು ಮಾತ್ರ ಇಳಿಯುತ್ತದೆ.

ಬಾಕಿಯಿರುವ ಲೆಕ್ಕ ಇಲ್ಲಿಯದು. 1955ರಲ್ಲಿ ಪಿಯಾನೋ ವಾದಕ ರೋಜರ್ ವಿಲಿಯಮ್ಸ್ ಇದೇ ಹಾಡನ್ನು ನುಡಿಸಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿದರು; ಎಲೆ ಉದುರುವುದನ್ನು ತೋರಿಸಲು ಮೇಲಿಂದ ಕೆಳಕ್ಕೆ ಸ್ವರಗಳನ್ನು ಸುರಿದದ್ದೇ ಅದರ ಹೆಚ್ಚುಗಾರಿಕೆ. ಇಳಿಕೆ ಹಾಡಿನ ಒಡಲಲ್ಲೇ ಇರುವಾಗ ಅದರ ಮೇಲೆ ಇನ್ನಷ್ಟು ಎಲೆ ಸುರಿಯುವುದು ಜರಿಸೀರೆಗೆ ಮಿಂಚುಪುಡಿ ಹಚ್ಚಿದಂತೆ. ಮೂರು ವರ್ಷಗಳ ಬಳಿಕ, 1958ರ ಮಾರ್ಚ್‌ನಲ್ಲಿ, ಸ್ಯಾಕ್ಸೋಫೋನ್ ವಾದಕ ಕ್ಯಾನನ್‌ಬಾಲ್ ಆಡರ್ಲಿ ಅವರ ‘ಸಮ್‌ಥಿಂಗ್ ಎಲ್ಸ್’ ಎಂಬ ಧ್ವನಿಮುದ್ರಿಕೆಯಲ್ಲಿ ಮೈಲ್ಸ್ ಡೇವಿಸ್ ಟ್ರಂಪೆಟ್‌ನ ಬಾಯಿಗೆ ಮ್ಯೂಟ್ ಎಂಬ ಲೋಹದ ಬಿರಡೆ ಸಿಕ್ಕಿಸಿ, ಆ ಸಾಲುಗಳನ್ನು ಹೆಚ್ಚುಕಡಿಮೆ ಇದ್ದಂತೆಯೇ, ನಿಲ್ಲುವ ಸ್ವರದ ಬಳಿಕ ಉಸಿರಿಗೆ ಜಾಗ ಬಿಟ್ಟು ನುಡಿಸಿದರು. ಸುಮಾರು ಹನ್ನೊಂದು ನಿಮಿಷಗಳ ಆ ನುಡಿಸಾಣಿಕೆಯಲ್ಲಿ ಹ್ಯಾಂಕ್ ಜೋನ್ಸ್ ಅವರ ಪಿಯಾನೋಗೆ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ ಎಳೆತ, ಸಾಧ್ಯವೇ ಇಲ್ಲ. ಆದರೂ ಯಾವ ಕೊರತೆಯೂ ಕೇಳಿಸುವುದಿಲ್ಲ.

ಮೀಂಡ್ ಬಾರದೆಂಬ ಆರೋಪ ಹೊತ್ತ ಇನ್ನೊಂದು ವಾದ್ಯ ಹಾರ್ಮೋನಿಯಂ. ಪಿಯಾಫ್ ಇನ್ನೊಂದು ವಾರ ಕಾಯಬಹುದು. ಪ್ಯಾರಿಸ್ಸಿನ ಬೀದಿಗಳ ದನಿಯೆನಿಸಿದ ಅಕಾರ್ಡಿಯನ್, ಗಾಳಿಗೆ ನಡುಗುವ ಲೋಹದ ನಾಲಗೆಯಿಂದ ಅಂದರೆ ರೀಡ್‌ನಿಂದ ನುಡಿಯುವ ವಾದ್ಯವಾಗಿದ್ದು, ಹಾರ್ಮೋನಿಯಂ ಅದೇ ಕುಲದ ದಾಯಾದಿ. ವಾದ್ಯ ತಯಾರಕ ಅಲೆಕ್ಸಾಂದ್ರ್ ದೆಬೆಂ ಹಾರ್ಮೋನಿಯಂಗೆ 1842ರಲ್ಲಿ ಹಕ್ಕುಪತ್ರ ಪಡೆದದ್ದೂ ಪ್ಯಾರಿಸ್ಸಿನಲ್ಲಿಯೇ. ರಾಗದ ಶುದ್ಧಿ ಕೆಡುತ್ತದೆಂಬ ಪಂಡಿತರ ವಾದಕ್ಕೆ ಮಣಿದು ಭಾರತದ ಬಾನುಲಿ 1940ರಿಂದ 1971ರವರೆಗೆ ಇದನ್ನು ಹೊರಗಿಟ್ಟಿತ್ತು. ಶಾಸನಗಳು ‘ಕೋಗಳಿ ಐನೂರು’ ಎಂದು ಹೆಸರಿಸುವ ನಾಡಿನಲ್ಲಿ, ಅಂದರೆ ಹಡಗಲಿ, ಕೊಟ್ಟೂರು, ಹರಪನಹಳ್ಳಿಗಳ ಸುತ್ತಿನಲ್ಲಿ, ಆ ನಿಷೇಧವನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ಪೇಟಿ ಮಾಸ್ತರರಿಲ್ಲದೆ ಜಾತ್ರೆಯ ನಾಟಕ ಏಳುವುದಾದರೂ ಹೇಗೆ?

ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯಂಥ ನಾಟಕದಲ್ಲಿ ಪಾತ್ರಧಾರಿ ಬಣ್ಣದ ಕೋಣೆಯಿಂದ ಹೊರಬರುವುದು ತಡವಾದಾಗ, ಮಾಸ್ತರರು ರಂಗಗೀತೆಯ ಮೊದಲ ಸಾಲನ್ನು ತಬಲಾದ ಹಗುರ ಠೇಕಾದ ಮೇಲೆ ಮತ್ತೆ ಮತ್ತೆ ತಿರುಗಿಸುತ್ತಾರೆ. ಕಸಬು ಬಲ್ಲವರು ಆಗ ತಾನ್ ಎಂಬ ಚುರುಕು ಸ್ವರಸಾಲುಗಳನ್ನು ತುಂಬುವುದಿಲ್ಲ. ಸಾಲಿನ ಕೊನೆಯ ಸ್ವರವನ್ನು ಎಳೆದು, ತಿದಿಯ ಗಾಳಿ ತೀರುವವರೆಗೆ ಸುಮ್ಮನಿರುತ್ತಾರೆ. ಅಷ್ಟರಲ್ಲಿ ಮುಂದೆ ಚಾಪೆ ಹಾಸಿ ಕುಳಿತವರ ತುಟಿಗಳ ಮೇಲೆ ಪದ ತಾನಾಗಿ ಬಂದಿರುತ್ತದೆ.