ಎಬ್ಬಿಸಿ ನೋಡಿದ ಪ್ರತಿ

ಇಳಕಲ್ಲಿನಲ್ಲಿ ಸೀರೆ ಅಂಗಡಿ ಇಟ್ಟಿರುವ ನಮ್ಮ ಸೋದರಮಾವ ಫೋನಿನಲ್ಲಿ ಕ್ಷೇಮ ಕೇಳುವುದಕ್ಕೂ ಮೊದಲು ಕೇಳುವುದು ಒಂದೇ ಮಾತು: ‘ತಮ್ಮಾ, ಬ್ಯಾಕಪ್ ಆಗೇತಿಲ್ಲೊ?’ ‘ಆಗೇತಿ ಮಾಮಾ.’ ಹದಿನಾಲ್ಕು ತಿಂಗಳು ಹೀಗೇ ಉತ್ತರ ಕೊಟ್ಟೆ. ಅವರ ಅಂಗಡಿಯ ಅಟ್ಟದ ಮೇಲೆ ಮೂರು ಸೆಕೆಂಡ್‌ಹ್ಯಾಂಡ್ ಮಿನಿ ಕಂಪ್ಯೂಟರು ಜೋಡಿಸಿ ನಾನೇ ಕಟ್ಟಿಕೊಟ್ಟ, ಪ್ರಾಕ್ಸ್‌ಮಾಕ್ಸ್ ಎಂಬ ಸಾಫ್ಟ್‌ವೇರಿನ ಕ್ಲಸ್ಟರ್‌ನ ಬ್ಯಾಕಪ್ ಅದು. ರಾತ್ರಿ ಎರಡಕ್ಕೆ ಬ್ಯಾಕಪ್ ಶುರುವಾಗುತ್ತದೆ. ಬೆಳಿಗ್ಗೆ ಚಹಾ ಕುಡಿಯುವಷ್ಟರಲ್ಲಿ ಮೊಬೈಲಿಗೆ ‘ಟಾಸ್ಕ್ ಓಕೆ’ ಎಂಬ ಮೇಲ್ ಬಂದಿರುತ್ತದೆ. ಅಷ್ಟು ನೋಡಿ ಮೊಬೈಲು ಬದಿಗಿಡುತ್ತಿದ್ದೆ.

ಹೋದ ತಿಂಗಳು ಒಂದು ಭಾನುವಾರ ಬಿಡುವಿತ್ತು. ಅಂಗಡಿಯ ಲೆಕ್ಕಪತ್ರದ ವಿಎಂ ಅನ್ನು (ಒಂದು ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದ ಕಟ್ಟಿದ ಇನ್ನೊಂದು ಕಂಪ್ಯೂಟರು ಅದು) ಬ್ಯಾಕಪ್‌ನಿಂದ ತೆಗೆದು ಬಾಗಲಕೋಟೆಯ ನವನಗರದ ನಮ್ಮ ಮನೆಯ ಹಳೇ ಡೆಸ್ಕ್‌ಟಾಪಿನ ಮೇಲೆ ರಿಸ್ಟೋರ್ ಮಾಡಿದೆ. ಮೊದಲ ಸಲ ಅದು ಏಳಲೇ ಇಲ್ಲ. ಇನ್‌ಸ್ಟಾಲ್ ಮಾಡುವಾಗ ಸಿಡಿ ಡ್ರೈವಿಗೆ ಹಾಕಿದ್ದ ಐಎಸ್‌ಒ ಫೈಲನ್ನು ತೆಗೆದಿರಲಿಲ್ಲ. ಆ ಫೈಲು ಇಳಕಲ್ಲಿನ ಮಷೀನಿನಲ್ಲಿತ್ತು, ಇಲ್ಲಿರಲಿಲ್ಲ. ಅದೊಂದು ಸಾಲಿಗೆ ಇಡೀ ವಿಎಂ ಹಟ ಹಿಡಿದು ಕೂತಿತು. ಸಾಲು ತೆಗೆದೆ, ಎದ್ದಿತು. ಲಾಗಿನ್ ಪರದೆ ಬಂತು, ಪಾಸ್‌ವರ್ಡ್ ಕೊಟ್ಟೆ, ಲೆಕ್ಕದ ಸಾಫ್ಟ್‌ವೇರ್ ತೆರೆದೆ. ಡೇಟಾಬೇಸ್ ಸಿಗುತ್ತಿಲ್ಲ ಎಂದಿತು. ಡಿಸ್ಕುಗಳ ಪಟ್ಟಿ ನೋಡಿದರೆ ಎರಡಿರಬೇಕಾದ ಕಡೆ ಒಂದೇ ಇತ್ತು.

ಬ್ಯಾಕಪ್ ಲಾಗ್ ತೆಗೆದು ಮೇಲಿನಿಂದ ಓದಿದೆ. ಶುರುವಿನಲ್ಲೇ ಒಂದು ಸಾಲು: ‘ಎಕ್ಸ್‌ಕ್ಲೂಡ್ ಡಿಸ್ಕ್ ಸ್ಕಜಿ1, ಬ್ಯಾಕಪ್ ನೋ’. ಸ್ಕಜಿ1 ಎಂದರೆ ವಿಎಂನ ಎರಡನೇ ಡಿಸ್ಕ್. ಅದನ್ನು ಸೇರಿಸಿದ ದಿನ ಬ್ಯಾಕಪ್ ಇಡುವ ಹಾರ್ಡ್‌ಡಿಸ್ಕಿನಲ್ಲಿ ಜಾಗ ಸಾಲದು ಎಂದು ‘ಬ್ಯಾಕಪ್’ ಎಂಬ ಚೌಕದ ಟಿಕ್ ತೆಗೆದಿದ್ದೆ. ಒಂದು ವಾರ ಬಿಟ್ಟು ಮತ್ತೆ ಹಾಕುವುದೆಂದುಕೊಂಡಿದ್ದೆ, ಹಾಕಲಿಲ್ಲ. ಡೇಟಾಬೇಸ್ ಇದ್ದದ್ದು ಆ ಡಿಸ್ಕಿನಲ್ಲೇ. ಪ್ರತಿ ರಾತ್ರಿಯ ಲಾಗಿನಲ್ಲೂ ಅದೇ ಸಾಲಿತ್ತು, ಕೊನೆಯಲ್ಲಿ ಟಾಸ್ಕ್ ಓಕೆಯೂ ಇತ್ತು. ಎರಡೂ ಸತ್ಯವೇ. ಬಿಡು ಅಂದದ್ದನ್ನು ಬಿಟ್ಟು, ಮಾಡು ಅಂದದ್ದನ್ನು ಅದು ಚೊಕ್ಕವಾಗಿ ಮಾಡಿತ್ತು. ನನ್ನ ಕೈಕಾಲು ತಣ್ಣಗಾದವು. ಅಂಗಡಿಯ ಮೂಲ ವಿಎಂ ಆಗ ಜೀವಂತವಾಗಿ ಓಡುತ್ತಿತ್ತು, ಆದ್ದರಿಂದ ಏನೂ ಹೋಗಲಿಲ್ಲ. ಅವತ್ತೇ ಟಿಕ್ ಹಾಕಿ ಮಾಮಾಗೆ ಫೋನು ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಂದ್ರ ಇಷ್ಟ್ ದಿನ ಸೆರಗಿಲ್ಲದ ಸೀರಿ ಮಡಚಿ ಮಡಚಿ ಇಟ್ಟೀವಿ ಅನ್ನು’ ಅಂದರು.

ಇಳಕಲ್ ಸೀರೆ ಬಲ್ಲವರಿಗೆ ಈ ಮಾತಿನ ತೂಕ ತಿಳಿಯುತ್ತದೆ. ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ಟೋಪ ತೆನಿ ಎಂಬ ಸೆರಗಿನ ಸೀರೆ ಆಗುವುದು. ಮಡಚಿಟ್ಟ ಸೀರೆಯಲ್ಲಿ ಸೆರಗು ಇದೆಯೋ ಇಲ್ಲವೋ ಬಿಚ್ಚಿ ನೋಡಿದವರಿಗೇ ಗೊತ್ತು.

ಹೀಗೆ ಸ್ವಂತ ಸರ್ವರ್ ಕಟ್ಟುವ ಹವ್ಯಾಸಕ್ಕೆ ಬಿದ್ದವರೆಲ್ಲ ಮೊದಲು ಮೋಹಗೊಳ್ಳುವುದು ಬ್ಯಾಕಪ್‌ನ ಕೌಶಲಕ್ಕೆ. ಮೋಹಗೊಳ್ಳುವಂಥದ್ದೇ ಅದು.  ವಿಎಂನ ಡಿಸ್ಕು ಹೊರಗಿನಿಂದ ನೋಡಿದರೆ ಒಂದು ದೊಡ್ಡ ಫೈಲಿನ ಹಾಗೆ. ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಆ ಡಿಸ್ಕನ್ನು ನಾಲ್ಕು ನಾಲ್ಕು ಮೆಗಾಬೈಟಿನ ತುಣುಕು ಮಾಡಿ, ಪ್ರತಿ ತುಣುಕಿಗೂ ಅದರೊಳಗಿನ ಅಕ್ಷರಗಳಿಂದಲೇ ಹುಟ್ಟುವ ಒಂದು ಹೆಬ್ಬೆಟ್ಟಿನ ಗುರುತು ಲೆಕ್ಕ ಹಾಕುತ್ತದೆ. ಆ ಗುರುತಿನ ತುಣುಕು ಈಗಾಗಲೇ ತನ್ನ ಬಳಿ ಇದ್ದರೆ ಮತ್ತೆ ಬರೆಯುವುದಿಲ್ಲ. ಇತ್ತ ವಿಎಂ ನಡೆಸುವ ಕೆಮು ಎಂಬ ಸಾಫ್ಟ್‌ವೇರ್ ನಿನ್ನೆ ರಾತ್ರಿಯಿಂದ ಡಿಸ್ಕಿನ ಯಾವ ಭಾಗ ಬದಲಾಯಿತು ಎಂದು ಗುರುತು ಹಾಕುತ್ತಲೇ ಇರುತ್ತದೆ. ಹೀಗಾಗಿ 200 ಗಿಗಾಬೈಟಿನ ವಿಎಂ ಎರಡನೇ ರಾತ್ರಿಯಿಂದ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ.

ಓಡುತ್ತಿರುವ ವಿಎಂನ ಪ್ರತಿ ತೆಗೆಯುವ ಬಗೆಯೂ ಚಂದ. ಮಾಮಾ ಇವತ್ತಿಗೂ ಕಾಗದದ ಕಿರ್ದಿ ಬರೆಯುತ್ತಾರೆ. ಅವರು ಸಾಲು ಬರೆಯುತ್ತಿರುವಾಗ ಪುಟದ ಫೋಟೊ ತೆಗೆದರೆ ಅರ್ಧ ಸಾಲು ಸಿಗುತ್ತದೆ. ‘ಒಂದ ನಿಮಿಷ ಪೆನ್ನ ಎತ್ರಿ ಮಾಮಾ’ ಎನ್ನಬೇಕು. ವಿಎಂ ಒಳಗೆ ಕೂತ ಗೆಸ್ಟ್ ಏಜೆಂಟ್ ಮಾಡುವುದು ಅದನ್ನೇ. ಬರೆಯುವುದನ್ನು ಕ್ಷಣ ಮಾತ್ರ ತಡೆದು, ಕೈಯಲ್ಲಿದ್ದುದನ್ನೆಲ್ಲ ಡಿಸ್ಕಿಗೆ ಇಳಿಸಿ, ಪ್ರತಿ ಶುರುವಾದ ಕೂಡಲೇ ಮತ್ತೆ ಬರೆಯಲು ಬಿಡುತ್ತದೆ. ಏಜೆಂಟ್ ಹಾಕದೆ ತೆಗೆದ ಬ್ಯಾಕಪ್, ಕರೆಂಟು ಹೋಗಿ ಗಕ್ಕನೆ ನಿಂತ ಮಷೀನಿನ ಸ್ಥಿತಿಯಲ್ಲಿರುತ್ತದೆ. ಬಹಳ ಸಲ ಎದ್ದೇಳುತ್ತದೆ, ಎದ್ದೇ ಏಳುತ್ತದೆ ಎಂದು ಭಾಷೆ ಕೊಡಲಾಗದು.

ತುಣುಕು ಹಂಚಿಕೊಳ್ಳುವ ಜಾಣತನಕ್ಕೆ ಒಂದು ಬೆಲೆಯೂ ಇದೆ. ಪಟ್ಟಿಯಲ್ಲಿ ಮೂವತ್ತು ದಿನದ ಮೂವತ್ತು ಬ್ಯಾಕಪ್ ಕಾಣುತ್ತವೆ, ಆದರೆ ಬದಲಾಗದ ಭಾಗದ ತುಣುಕು ಮೂವತ್ತಕ್ಕೂ ಸೇರಿ ಒಂದೇ. ಅದು ಇರುವ ಜಾಗದಲ್ಲಿ ಡಿಸ್ಕು ಕೆಟ್ಟರೆ ಮೂವತ್ತೂ ಕೆಟ್ಟವು. ಅದಕ್ಕೇ ವೆರಿಫೈ ಎಂಬ ಕೆಲಸವನ್ನು ವಾರಕ್ಕೊಮ್ಮೆ ಇಡಬೇಕು. ಪ್ರತಿ ತುಣುಕನ್ನು ಓದಿ, ಹೆಬ್ಬೆಟ್ಟು ತಾಳೆ ನೋಡುತ್ತದೆ. ಆದರೆ ನನ್ನ ಸೆರಗಿಲ್ಲದ ಬ್ಯಾಕಪ್ ಕೂಡ ಹದಿನಾಲ್ಕು ತಿಂಗಳೂ ವೆರಿಫೈನಲ್ಲಿ ಪಾಸಾಗಿತ್ತು. ಇದ್ದ ತುಣುಕುಗಳೆಲ್ಲ ಸರಿಯಾಗಿದ್ದವಲ್ಲ!

‘ಮೂರ್ ಮಷೀನ್ ಅದಾವಲ್ಲರಿ, ಮತ್ತ ಬ್ಯಾಕಪ್ ಯಾಕ?’ ಎಂದು ಕೇಳುವವರು ಇದ್ದಾರೆ. ಕ್ಲಸ್ಟರ್ ಕಾಯುವುದು ಮಷೀನಿನ ಸಾವಿನಿಂದ. ಮೂರರಲ್ಲಿ ಒಂದು ಸತ್ತರೆ ಉಳಿದ ಎರಡು ಬಹುಮತದಿಂದ ಅದರ ವಿಎಂಗಳನ್ನು ತಮ್ಮ ಮೇಲೆ ಎತ್ತಿಕೊಳ್ಳುತ್ತವೆ. ಮನುಷ್ಯನ ಕೈತಪ್ಪಿನಿಂದ ಅದು ಕಾಯುವುದಿಲ್ಲ. ಮೂರು ಕಡೆ ನಕಲಾಗುವ ಡಿಸ್ಕಿನಲ್ಲಿ ಒಂದು ಫೋಲ್ಡರ್ ಅಳಿಸಿದರೆ ಮೂರೂ ಕಡೆ ಅಳಿದಿರುತ್ತದೆ, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ಆದದ್ದು ಇದೇ ಜಾತಿಯದು. ದಣಿದಿದ್ದ ಇಂಜಿನಿಯರ್ ಒಬ್ಬರು ತಪ್ಪು ಸರ್ವರಿನಲ್ಲಿ ಡೇಟಾಬೇಸಿನ ಫೋಲ್ಡರ್ ಅಳಿಸಿದರು. ನಕಲು, ಬ್ಯಾಕಪ್ ಎಲ್ಲ ಸೇರಿ ಐದು ಏರ್ಪಾಡುಗಳಿದ್ದವು. ಹೊತ್ತಿಗೆ ಒಂದೂ ಒದಗಲಿಲ್ಲ. ಬೇರೆ ಕೆಲಸಕ್ಕೆಂದು ಆರು ತಾಸು ಮುಂಚೆ ಕೈಯಾರೆ ತೆಗೆದಿದ್ದ ಸ್ನ್ಯಾಪ್‌ಶಾಟ್ ಒಂದು ಅವರನ್ನು ಉಳಿಸಿತು, ಆ ಆರು ತಾಸಿನ ದತ್ತಾಂಶ ಹೋಯಿತು. ಆ ಕಂಪನಿಯ ಮೇಲೆ ನನಗೆ ಗೌರವ ಹೆಚ್ಚಿದ್ದು ಆಗ. ಮುಚ್ಚಿಡದೆ ತಾಸು ತಾಸಿಗೂ ಏನಾಗುತ್ತಿದೆ ಎಂದು ಲೋಕಕ್ಕೆಲ್ಲ ಬರೆದು ತೋರಿಸಿದರು.

ಇನ್ನು ಜಾಗದ ಪ್ರಶ್ನೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಬೇರೆ ಜಾಗದಲ್ಲಿ ಎಂಬ ಸೂತ್ರವನ್ನು ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕ ಹರಡಿದ. ಬೇರೆ ಜಾಗ ಎಂದರೆ ಎಷ್ಟು ಬೇರೆ? ಇದನ್ನು ಬಾಗಲಕೋಟೆಯವರಿಗಿಂತ ಚೆನ್ನಾಗಿ ಯಾರು ಹೇಳಬಲ್ಲರು? 1964ರ ಮೇ 22ರಂದು ಲಾಲ್ ಬಹಾದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿನ ಅಡಿಗಲ್ಲು ಇಟ್ಟಂದಿನಿಂದ ನಮ್ಮೂರಿನ ಬದುಕು ನೀರಿನ ಗೆರೆಯ ಲೆಕ್ಕದಲ್ಲೇ ನಡೆದಿದೆ. ಜಲಾಶಯ ತುಂಬಿದಾಗ 519.60 ಮೀಟರ್. ಕೃಷ್ಣಾ ನ್ಯಾಯಾಧಿಕರಣದ ತೀರ್ಪಿನಂತೆ ಎತ್ತರಿಸಿದರೆ 524.256 ಮೀಟರ್. ಘಟಪ್ರಭೆಯ ದಂಡೆಯ ಹಳೇ ಊರಿನಲ್ಲಿ ಮೊದಲ ಗೆರೆಯಿಂದ ಮೇಲಿದ್ದೇವೆ ಎಂದು ನೆಮ್ಮದಿಯಾಗಿದ್ದ ಮನೆಗಳು ಎರಡನೇ ಗೆರೆಯಲ್ಲಿ ಮುಳುಗಡೆಯ ಪಟ್ಟಿಗೆ ಬರುತ್ತವೆ. ನಡುವಿನ ಅಂತರ ಐದು ಮೀಟರೂ ಇಲ್ಲ. ಪ್ರತಿ ಇಡುವ ಜಾಗ ಗೊತ್ತು ಮಾಡುವಾಗಲೂ ಅಷ್ಟೇ. ಇವತ್ತಿನ ನೀರು ಎಲ್ಲಿದೆ ಎಂದು ನೋಡಿದರೆ ಸಾಲದು, ನಾಳೆ ಗೆರೆ ಎಲ್ಲಿಗೆ ಏರಬಹುದು ಎಂದು ಕೇಳಬೇಕು.

ಮಾಮಾನ ಅಂಗಡಿಯಲ್ಲಿ ಮೊದಲು ಬ್ಯಾಕಪ್ ಡಿಸ್ಕು ಅದೇ ಅಟ್ಟದಲ್ಲಿ, ಅದೇ ಪ್ಲಗ್ಗಿನಲ್ಲಿತ್ತು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟಾಗ ಮೂಲದ ಜೊತೆಗೇ ಬ್ಯಾಕಪ್ಪೂ ಕಳೆದುಕೊಂಡ ಗ್ರಾಹಕರ ಕಥೆ ಓದಿದ ಮೇಲೆ ಒಂದು ಪ್ರತಿಯನ್ನು ನವನಗರಕ್ಕೆ ತಂದೆ. 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ಡೇಟಾ ಸೆಂಟರಿಗೆ ಬೆಂಕಿ ಬಿದ್ದು, ನೌಕರರ ಕಡತಗಳಿದ್ದ 858 ಟೆರಾಬೈಟಿನ ಜಿ-ಡ್ರೈವ್ ಹೊರಗೊಂದು ಪ್ರತಿಯಿಲ್ಲದೆ ಬೂದಿಯಾಯಿತು. ಅದನ್ನು ಓದಿದ ವಾರವೇ ಮೂರನೇ ಪ್ರತಿ ಧಾರವಾಡದ ತಂಗಿಯ ಮನೆಗೆ ಹೋಯಿತು. ನಮ್ಮ ಅಪ್‌ಲೋಡ್ ವೇಗ 20 ಎಂಬಿಪಿಎಸ್. 200 ಗಿಗಾಬೈಟು ಹೋಗಲು ಸುಮಾರು 23 ತಾಸು ಬೇಕು. ಅದಕ್ಕೇ ಮೊದಲ ಪ್ರತಿಯನ್ನು ಡಿಸ್ಕಿಗೆ ಹಾಕಿ, ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದೆ. ಆಮೇಲೆ ದಿನವೂ ಹೊಸ ತುಣುಕು ಮಾತ್ರ ಹೋಗುತ್ತವೆ. ಧಾರವಾಡದ ಸರ್ವರ್ ತಾನೇ ಬಂದು ಎಳೆದುಕೊಳ್ಳುತ್ತದೆ. ಇಳಕಲ್ಲಿನ ಕ್ಲಸ್ಟರಿಗೆ ನವನಗರದಲ್ಲಿ ಹೊಸ ಬ್ಯಾಕಪ್ ಇಡುವ ಹಕ್ಕಿದೆ, ಇದ್ದದ್ದನ್ನು ಅಳಿಸುವ ಹಕ್ಕಿಲ್ಲ. ಧಾರವಾಡದ ಕೀಲಿಯಂತೂ ಅದಕ್ಕೆ ಗೊತ್ತೇ ಇಲ್ಲ. ಈ ಎಚ್ಚರಕ್ಕೆ ಕಾರಣವಿದೆ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಸರ್ವರುಗಳಿಗೆ ರ್‍ಯಾನ್‌ಸಮ್‌ವೇರ್ ಹೊಕ್ಕು ಅಂಥ ಆಸ್ಪತ್ರೆ ದಿನಗಟ್ಟಲೆ ಕೈಬರಹದಲ್ಲಿ ನಡೆಯಿತು. ಒಳಹೊಕ್ಕವನು ಮೊದಲು ಹುಡುಕುವುದು ಬ್ಯಾಕಪ್ಪನ್ನೇ.

ರಿಸ್ಟೋರ್ ಎಂದಾಗ ನನಗೆ ನಮ್ಮ ಅಪ್ಪ ಹಳೇ ಮನೆಯಿಂದ ತಂದ ಬಾಗಿಲು ನೆನಪಾಗುತ್ತದೆ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು ಸೆಕ್ಟರ್ ಸೆಕ್ಟರ್ ಮಾಡಿ ನಕ್ಷೆ ಬರೆದ ನವನಗರಕ್ಕೆ ನಾವು ಬಂದಾಗ ಅಪ್ಪ ಸಾಗವಾನಿಯ ತಲೆಬಾಗಿಲನ್ನು ಚೌಕಟ್ಟು ಸಮೇತ ಬಿಚ್ಚಿಸಿ ಲಾರಿಯಲ್ಲಿ ತಂದರು. ಹೊಸ ಗೋಡೆಗೆ ಅದು ನಾಲ್ಕು ಬೆರಳು ಎತ್ತರವಾಯಿತು. ಹಳೇ ಮನೆಯ ಮಣ್ಣಿನ ಗೋಡೆಯ ದಪ್ಪಕ್ಕೆ ಮಾಡಿದ ಚೌಕಟ್ಟು ಇಟ್ಟಿಗೆಯ ತೆಳು ಗೋಡೆಯಲ್ಲಿ ಎರಡೂ ಕಡೆ ಹೊರಗೆ ಚಾಚಿಕೊಂಡಿತು. ಮೇಸ್ತ್ರಿ ಮೂರು ದಿನ ಕೂತು ಗೋಡೆಯನ್ನೇ ಒಡೆದು ಕಟ್ಟಿದ. ವಿಎಂ ಕೂಡ ಹೀಗೆಯೇ ತಾನಿದ್ದ ಗೋಡೆಯನ್ನು ನೆನಪಿಟ್ಟುಕೊಂಡಿರುತ್ತದೆ. ಸಿಪಿಯು ಬಗೆಯನ್ನು ‘ಹೋಸ್ಟ್’ ಎಂದು ಇಟ್ಟಿದ್ದರೆ ಹಳೆಯ ಪ್ರೊಸೆಸರಿನ ಮೇಲೆ ತಕರಾರು ತೆಗೆಯಬಹುದು. ಅಲ್ಲಿದ್ದ ಎರಡನೇ ನೆಟ್‌ವರ್ಕ್ ಬ್ರಿಡ್ಜ್ ಇಲ್ಲಿಲ್ಲದಿದ್ದರೆ ಶುರುವಾಗುವುದೇ ಇಲ್ಲ. ನೇರ ಜೋಡಿಸಿದ ಯಾವುದೋ ಕಾರ್ಡು ಕಾಣದಿದ್ದರೂ ಅದೇ ಪಾಡು. ಇವೆಲ್ಲ ಸಣ್ಣ ತೊಡಕು, ಒಂದೊಂದಕ್ಕೂ ಐದು ನಿಮಿಷದ ಮದ್ದಿದೆ. ಆದರೆ ಅಂಗಡಿಯಲ್ಲಿ ಗಿರಾಕಿ ಕೂತಿರುವಾಗ ಐದು ನಿಮಿಷದ ಮದ್ದು ಹುಡುಕಲು ಎರಡು ತಾಸು ಹಿಡಿಯುತ್ತದೆ. ಭಾನುವಾರದ ಹೊತ್ತಿನಲ್ಲಿ, ಚಹಾ ಕುಡಿಯುತ್ತ ಅವನ್ನು ಎದುರಿಸಿದರೆ ಚೀಟಿಯಲ್ಲಿ ಬರೆದಿಟ್ಟುಕೊಳ್ಳಬಹುದು.

ಬದುಕಿರುವ ವಿಎಂ ಮೇಲೆ ಎಂದೂ ರಿಸ್ಟೋರ್ ಮಾಡಬೇಡಿ. ಹೊಸ ನಂಬರ್ ಕೊಡಿ, ನೆಟ್‌ವರ್ಕ್ ಸಂಪರ್ಕ ಕಡಿದು ಎಬ್ಬಿಸಿ. ಇಲ್ಲದಿದ್ದರೆ ಒಂದೇ ವಿಳಾಸದ ಎರಡು ಮಷೀನು ಎದ್ದು ನಿಂತು ಅಂಗಡಿಯ ಬಿಲ್ಲು ಯಾವುದಕ್ಕೆ ಹೋಯಿತು ಎಂಬುದೇ ತಿಳಿಯದಾಗುತ್ತದೆ. ಬ್ಯಾಕಪ್ಪಿಗೆ ಗುಪ್ತಲಿಪಿಯ ಬೀಗ ಹಾಕಿದ್ದರೆ ಅದರ ಕೀಲಿಯನ್ನು ಕಾಗದದ ಮೇಲೆ ಮುದ್ರಿಸಿಡಿ, ಅದಕ್ಕೆಂದೇ ಒಂದು ಆಜ್ಞೆ ಇದೆ. ಕೀಲಿ ಆ ಬ್ಯಾಕಪ್ಪಿನೊಳಗೇ ಇದ್ದರೆ ಯಾರಿಗೂ ಸಿಗದು. ನಮ್ಮ ಮನೆಯಲ್ಲಿ ಆ ಕಾಗದ ಅಪ್ಪನ ತಗಡಿನ ಟ್ರಂಕಿನಲ್ಲಿ, ನಿವೇಶನದ ಹಕ್ಕುಪತ್ರದ ಕೆಳಗೆ ಇದೆ.

ಮೊನ್ನೆ ಭಾನುವಾರ ಮತ್ತೊಮ್ಮೆ ರಿಸ್ಟೋರ್ ಇಟ್ಟುಕೊಂಡೆವು. ಈ ಸಲ ನಾನು ಕೀಬೋರ್ಡು ಮುಟ್ಟಲಿಲ್ಲ. ನಾನು ಊರಲ್ಲಿಲ್ಲದ ದಿನವೇ ಅಟ್ಟದ ಮಷೀನು ಕೆಡಬಹುದಲ್ಲ. ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗಿ ಮಾಮಾನ ಜೊತೆ ನವನಗರಕ್ಕೆ ಬಂದು, ನಾನು ಬರೆದುಕೊಟ್ಟ ಚೀಟಿ ಎದುರಿಗಿಟ್ಟುಕೊಂಡು ಒಂದೊಂದೇ ಹೆಜ್ಜೆ ಮಾಡಿದಳು. ಚೀಟಿಯಲ್ಲಿ ನಾನು ಬಿಟ್ಟಿದ್ದ ಎರಡು ಹೆಜ್ಜೆ ಅವಳಿಗೇ ಸಿಕ್ಕವು. ‘ಸರ, ಇಲ್ಲಿ ಕೆಂಪ ಬರಾಕತ್ತೈತ್ರಿ’ ಅಂದಳು. ಸ್ಟೋರೇಜಿನ ಹೆಸರು ಅಲ್ಲಿ ಒಂದು, ಇಲ್ಲಿ ಒಂದು. ಚೀಟಿ ತಿದ್ದಿದೆವು. ಗಿಗಾಬಿಟ್ ಕೇಬಲ್ಲಿನ ಮೇಲೆ 200 ಗಿಗಾಬೈಟು ಇಳಿಯಲು 34 ನಿಮಿಷ ಹಿಡಿಯಿತು. ಗಡಿಯಾರ ನೋಡಿ ಅದನ್ನೂ ಬರೆದುಕೊಂಡೆವು, ಮುಂದೆಂದಾದರೂ ಅಂಗಡಿ ನಿಂತಾಗ ಗಿರಾಕಿಗೆ ಎಷ್ಟು ಹೊತ್ತು ಕಾಯಿರಿ ಎನ್ನಬೇಕು ಎಂದು ತಿಳಿಯಲಿ ಅಂತ.

ಲಾಗಿನ್ ಪರದೆ ಬಂದಾಗ ಮಾಮಾ ಏಳಲಿಲ್ಲ. ಡಿಸ್ಕು ಎರಡೂ ಇವೆ ಎಂದಾಗಲೂ ಏಳಲಿಲ್ಲ. ಚೀಲದಿಂದ ಶನಿವಾರದ ಬಿಲ್ ಬುಕ್ಕಿನ ಕಾರ್ಬನ್ ಪ್ರತಿ ತೆಗೆದು, ಕನ್ನಡಕ ಏರಿಸಿ, ‘ಕಡೀ ಬಿಲ್ಲಿನ ನಂಬರ್ ಓದವ್ವಾ’ ಅಂದರು. ಅವಳು ಪರದೆ ನೋಡಿ ಓದಿದಳು. ಅವರು ಕಾಗದದ ಮೇಲೆ ಬೆರಳಿಟ್ಟರು. ‘ಮೊತ್ತ?’ ಓದಿದಳು. ‘ಯಾವ ಬಣ್ಣದ ಸೀರಿ?’ ‘ದಾಳಿಂಬ್ರಿ ಬಣ್ಣದ್ದರಿ, ಟೋಪ ತೆನಿ ಸೆರಗು.’ ಮಾಮಾ ಕಾರ್ಬನ್ ಪ್ರತಿಯ ಅಂಚಿನಲ್ಲಿ ಪೆನ್ನಿನಿಂದ ಒಂದು ಟಿಕ್ ಹಾಕಿ, ಬುಕ್ಕು ಮಡಚಿ ಚೀಲದೊಳಗಿಟ್ಟರು.